ಒಂಬತ್ತನೆಯದು

ಲಿಯೆಪಾಯದಲ್ಲಿ ಟ್ರಾಮಿಗೆ ಇರುವುದು ಒಂದೇ ಹಾದಿ.
ಹಗಲೆಲ್ಲ ಅದರ ಬ್ರೇಕು, ಬಾಗಿಲು, ಗಂಟೆ ರಿಪೇರಿ ಮಾಡಿ
ಉಗುರಲ್ಲಿ ಗ್ರೀಸು ಇಟ್ಟುಕೊಂಡೇ ಮನೆಗೆ ಬರುತ್ತೇನೆ.
ರಾತ್ರಿ, ಅಡುಗೆಮನೆಯ ಮೇಜಿನ ಮೇಲೆ,
ಯಾರೂ ಕೇಳದ ಒಂದು ಆಪರೇಟಿಂಗ್ ಸಿಸ್ಟಂ ಕಟ್ಟುತ್ತೇನೆ.

ಮೂರು ಚಳಿಗಾಲವಾಯಿತು.
ಮೊದಲನೆಯದರಲ್ಲಿ ಪರದೆಯ ಮೂಲೆಗೆ ಒಂದು ಅಕ್ಷರ ಬರೆಯಿತು.
ಎರಡನೆಯದರಲ್ಲಿ ಕೀಲಿಮಣೆಯ ಮಾತು ಕೇಳಿತು, ಡಿಸ್ಕು ಓದಿತು,
ಒಮ್ಮೆ ಡಿಸ್ಕನ್ನೇ ತಿಂದಿತು.
ಈಗ ನೆಟ್‌ವರ್ಕ್ ಕಾರ್ಡು:
ಮುಚ್ಚಿಹೋದ ಕಚೇರಿಯ ಕಂಪ್ಯೂಟರಿಂದ ಬಿಚ್ಚಿದ್ದು,
ಎರಡು ಯೂರೋ, ಧೂಳು ಪುಕ್ಕಟೆ.

ಸ್ಕೈದ್ರೀತೆ ಅತ್ತೆ ಬಾಗಿಲಲ್ಲಿ ನಿಂತು ಕೇಳುತ್ತಾಳೆ:
"ಮಾತಾಡಿತಾ?"
"ಇಲ್ಲ."
"ಹೆಸರಾದರೂ ಹೇಳಿತಾ?"
ಹೇಳಿತು. ಆರು ಬೈಟಿನ ಹೆಸರು,
ಯಾವುದೋ ಕಾರ್ಖಾನೆಯಲ್ಲಿ ಹೊಟ್ಟೆಯೊಳಗೆ ಸುಟ್ಟು ಬರೆದದ್ದು.
ತೊಟ್ಟಿಲಿಗೆ ಬಾಗಿದರೆ
ಕೂಸೇ ನನ್ನ ಕಿವಿಯಲ್ಲಿ ತನ್ನ ಹೆಸರು ಉಸುರಿದ ಹಾಗೆ.
ಆಮೇಲೆ ಹನ್ನೊಂದು ರಾತ್ರಿ
ಏನೂ ಇಲ್ಲ.

ಕಳಿಸುತ್ತೇನೆ. ಹಸಿರು ದೀಪ ಮಿಸುಕುವುದಿಲ್ಲ.
ಮತ್ತೆ ಕಳಿಸುತ್ತೇನೆ. ಕಾರ್ಡನ್ನು ಬೈಯುತ್ತೇನೆ,
ಕಿತ್ತು, ಊದಿ, ಮತ್ತೆ ಸಿಕ್ಕಿಸುತ್ತೇನೆ.
ಕೊನೆಗೆ ನೋಡಿದರೆ ತಪ್ಪು ನನ್ನದೇ:
ಮೆಮೊರಿ ಮುಟ್ಟಲು ಅದಕ್ಕೆ ಅಪ್ಪಣೆ ಕೊಟ್ಟೇ ಇರಲಿಲ್ಲ.
ಒಂದು ಬಿಟ್. ಸೊನ್ನೆ ಇದ್ದಲ್ಲಿ ಒಂದು.
ಹನ್ನೊಂದು ರಾತ್ರಿ ಅದು ಹೊಸಿಲಾಚೆ ಕೈಕಟ್ಟಿ ನಿಂತಿತ್ತು,
ಬಾ ಅನ್ನದ ಮನೆಗೆ ಬರಬಾರದೆಂದು.

ದೀಪ ಮಿನುಗಿತು.
ಕೇಬಲಿನ ಆ ತುದಿಗೆ ಅತ್ತೆಯ ಲ್ಯಾಪ್‌ಟಾಪು.
ತಲುಪಿದ್ದೇನೆಂದು ಅದರಲ್ಲಿ ಇಣುಕಿದರೆ
ಸೊನ್ನೆ ಎಂಟು ಸೊನ್ನೆ ಆರು ಅಂದದ್ದು
ಸೊನ್ನೆ ಆರು ಸೊನ್ನೆ ಎಂಟು ಆಗಿದೆ.
ಕೊನೆಯದನ್ನು ಮೊದಲಿಡುವುದು ನನ್ನ ಪ್ರೊಸೆಸರಿನ ಮನೆ ಪದ್ಧತಿ;
ತಂತಿಯ ಪದ್ಧತಿ ಬೇರೆ.
ಗಾಳಿ ಅಂದದ್ದು ಳಿಗಾ ಎಂದು ತಲುಪಿದರೆ
ಯಾವ ಕಿಟಕಿ ತಾನೇ ಅಲುಗುತ್ತದೆ?
ತಿರುಗಿಸಿದೆ.

ಆಗ ನನ್ನ ಯಂತ್ರ ಬೀದಿಗಿಳಿದು ಡಂಗುರ ಹೊಡೆಯಿತು:
ಕೇಳ್ರಪ್ಪೋ ಕೇಳಿ,
ಹತ್ತು, ಸೊನ್ನೆ, ಸೊನ್ನೆ, ಎರಡು ಎಂಬ ಮನೆ ಯಾರದು?
ಆ ಬೀದಿಯಲ್ಲಿ ಇದ್ದದ್ದೇ ಎರಡು ಮನೆ.
ಇನ್ನೊಂದು ಅಂದಿತು:
ನಂದು.

ರಾತ್ರಿ ಒಂದೂವರೆ. ಬಾಲ್ಟಿಕ್ ಕಡಲಿನ ಗಾಳಿ
ಗೋಡೆಗೆ ಭುಜ ಕೊಟ್ಟು ತಳ್ಳುತ್ತಿತ್ತು.
ಕಪ್ಪು ರೈ ಬ್ರೆಡ್ಡಿನ ತುಂಡು ಬಾಯಲ್ಲೇ ಮರೆತು ಕೂತೆ.
ಇದ್ದೀಯಾ? ಇದ್ದೇನೆ.
ಇದ್ದೀಯಾ? ಇದ್ದೇನೆ. ನಾಲ್ಕು ಮಿಲಿಸೆಕೆಂಡು.
ಇದ್ದೀಯಾ? ಇದ್ದೇನೆ.
ಆ ಮೊದಲ "ನಂದು" ಸೇರಿ ಎಂಟು ಉತ್ತರ.
ಒಂಬತ್ತನೆಯದು ಬರಲಿಲ್ಲ.

ಅತ್ತೆ ಎದ್ದು ಬಂದಳು.
ಮೂವತ್ತು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನ ಹಲಗೆ ಮುಂದೆ ಕೂತವಳು,
ಎಡಗಿವಿ ಇನ್ನೂ ಸ್ವಲ್ಪ ಚಪ್ಪಟೆ.
"ಎಷ್ಟಕ್ಕೆ ನಿಂತಿತು?"
"ಎಂಟಕ್ಕೆ."
"ವಯರು ಎಷ್ಟು ಇಟ್ಟಿದ್ದೀ?"
ವಯರಲ್ಲ ಅತ್ತೆ, ಪೆಟ್ಟಿಗೆ, ಬಳೆಯ ಹಾಗೆ ಸುತ್ತ ಜೋಡಿಸಿದ್ದು—
ಎಂಟು.
"ಮಾತು ಮುಗಿದ ಮೇಲೆ ಕಿತ್ತು ವಾಪಸ್ಸು ಇಡುತ್ತೀ ತಾನೇ?"

ಇಟ್ಟಿಲ್ಲ.
ಬಂದದ್ದನ್ನೆಲ್ಲ ಓದಿದೆ, ಕುಣಿದೆ,
ಖಾಲಿ ಪೆಟ್ಟಿಗೆಯ ಮೇಲೆ "ಇದು ನಿನ್ನದು" ಎಂದು ಬರೆದು
ಕಾರ್ಡಿಗೆ ಮರಳಿಸುವುದು ಬಿಟ್ಟೆ.

"ವೆಲ್ಟಾ ಅಂತ ಒಬ್ಬಳಿದ್ದಳು, ಹೀಗೇ ಮರೆಯುತ್ತಿದ್ದಳು.
ಹಡಗುಕಟ್ಟೆಯಿಂದ ಡಾಕ್ಟರಿಗೆ ಫೋನು, ಹೆರಿಗೆ ನೋವು,
ಒಂದು ವಯರೂ ಖಾಲಿ ಇಲ್ಲ."
"ಆಮೇಲೆ?"
"ಆಮೇಲೇನು, ಹುಡುಗಿ ಹುಟ್ಟಿದಳು. ಡಾಕ್ಟರಿಲ್ಲದೆ."
ನೀರು ಕುಡಿದು ಮಲಗಲು ಹೋದಳು.

ಐದಕ್ಕೆ ಡಿಪೋದಲ್ಲಿರಬೇಕು.
ಬರೆಯಬೇಕಾದದ್ದು ಒಂದೇ ಸಾಲು, ಬರೆದಿಲ್ಲ.
ಯಂತ್ರ ಆರಿಸಲೂ ಮನಸ್ಸಿಲ್ಲ.
ಬೂಟಿನ ದಾರ ಕಟ್ಟುತ್ತ ನೋಡಿದೆ:
ಈಗ ಆ ತುದಿಯೇ ತಾನಾಗಿ ಕೇಳುತ್ತಿದೆ,
ಅಲ್ಲಿ ಯಾರು? ಅಲ್ಲಿ ಯಾರು?
ಪ್ರತಿ ಸಲವೂ ಹಸಿರು ದೀಪ ಮಿನುಗುತ್ತದೆ,
ಕೇಳಿಸಿದೆ ಅದಕ್ಕೆ,
ಎರಡೂ ಕೈ ತುಂಬ ಎಂಟು ಹೊತ್ತು ನಿಂತಿದೆ.